ಹೊಗಳಿಕೆಯ ಋಣ

ಹೊಗಳುವುದಕ್ಕೆ ಕಾಸು ಖರ್ಚಿಲ್ಲವೆಂಬುದು ಲೋಕದ ನಂಬಿಕೆ. ನಾನೂ ಬಹುಕಾಲ ಹಾಗೆಯೇ ನಂಬಿಕೊಂಡಿದ್ದೆ. ಕನ್ನಡ ಪಾಠ ಹೇಳುವವನಿಗೆ ಹೊಗಳುವುದು ಕೆಲಸದ ಒಂದು ಭಾಗ. ಪಂಪನನ್ನೂ ಹರಿಹರನನ್ನೂ ತರಗತಿಯಲ್ಲಿ ವರ್ಷವರ್ಷವೂ ಹೊಗಳುತ್ತ ಬಂದಿದ್ದೇನೆ. ಅವರು ಯಾರೂ ಎದ್ದು ಬಂದು ಲೆಕ್ಕ ಕೇಳಿದ್ದಿಲ್ಲ. ಆದರೆ ಜೀವಂತ ಮನುಷ್ಯನೊಬ್ಬನನ್ನು ಹತ್ತು ಜನರೆದುರು ಹೊಗಳಿದರೆ ನಾಲಗೆಯ ಮೇಲೆ ಸಾಲ ಬೀಳುತ್ತದೆಯೆ? ಈ ಪ್ರಶ್ನೆಯನ್ನು ನನ್ನ ಮುಂದೆ ಇಟ್ಟವರು ಶಹಾಬಾದದ ಒಬ್ಬ ಕುಂಬಾರರು. ಅವರು ಅದನ್ನು ಪ್ರಶ್ನೆಯೆಂದು ಕೇಳಲಿಲ್ಲ. ಕೇಳಿದ್ದರೆ ಏನಾದರೂ ಉತ್ತರ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆನೇನೊ.

ಶಹಾಬಾದವೆಂದರೆ ಹೊರಗಿನವರಿಗೆ ಕಲ್ಲು. ಮುಂಬಯಿಂದ ಮದರಾಸಿನತನಕ ಎಷ್ಟೋ ಮನೆಗಳ ನೆಲಕ್ಕೆ ಹಾಸಿರುವ ಫರಸಿ ನಮ್ಮೂರಿನ ಹೆಸರಿನಲ್ಲಿಯೇ ಮಾರಾಟವಾಗುತ್ತದೆ. ಈ ಸೀಮೆಯ ಸುಣ್ಣಕಲ್ಲಿನಲ್ಲಿಯೇ, ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ ಕನಗನಹಳ್ಳಿಯಲ್ಲಿ, ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಶಿಲ್ಪಿಗಳು ಅಶೋಕ ಚಕ್ರವರ್ತಿಯ ರೂಪ ಕಡೆದು, ಕೆಳಗೆ ‘ರಾಯೋ ಅಸೋಕೋ’ ಎಂದು ಹೆಸರನ್ನೂ ಕೊರೆದಿಟ್ಟರು. ಕಲ್ಲಿನಲ್ಲಿ ಮಾಡಿದ್ದು ಉಳಿಯುತ್ತದೆ. 1990ರ ದಶಕದ ಉತ್ಖನನದಲ್ಲಿ ಅದು ಹೊರಬಂದು ಪ್ರಸಿದ್ಧವಾಯಿತು. ನಾನು ಹೇಳಬೇಕೆಂದಿರುವುದು ಉಳಿಯದ ವಸ್ತುವನ್ನು ಕುರಿತು. ಅದೇ ನೆಲದ ಮಣ್ಣಿನಲ್ಲಿ ಮಾಡಿ, ಎರಡು ದಿನ ಪೂಜಿಸಿ, ನೀರಿಗೆ ಬಿಡುವ ಎತ್ತುಗಳನ್ನು ಕುರಿತು.

ದಕ್ಷಿಣದ ಓದುಗರಿಗೆ ಎರಡು ಮಾತು ತಿಳಿಸಬೇಕು. ಜ್ಯೇಷ್ಠ ಮಾಸದ ಹುಣ್ಣಿಮೆ ನಮ್ಮಲ್ಲಿ ಕಾರಹುಣ್ಣಿಮೆ. ಅಂದು ನಿಜವಾದ ಎತ್ತುಗಳಿಗೆ ಮೈತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಓಡಿಸುತ್ತಾರೆ. ಹದಿನೈದು ದಿನ ಕಳೆದು ಬರುವುದು ಮಣ್ಣೆತ್ತಿನ ಅಮಾವಾಸ್ಯೆ. ಅಂದು ಒಂದು ಜೋಡಿ ಮಣ್ಣಿನ ಎತ್ತು, ಅವುಗಳ ಮುಂದೊಂದು ಮೇವಿನ ಗ್ವಾದಲಿ, ಇಷ್ಟನ್ನು ದೇವರ ಜಗುಲಿಯ ಮೇಲಿಟ್ಟು ಪೂಜಿಸುತ್ತಾರೆ. ಮುಂದೆ ಆಷಾಢದಲ್ಲಿ ಗುಳ್ಳವ್ವ, ಶ್ರಾವಣದಲ್ಲಿ ನಾಗಪ್ಪ, ಭಾದ್ರಪದದಲ್ಲಿ ಗಣಪ್ಪ, ಅವನ ಹಿಂದೆಯೇ ಜೋಕುಮಾರ. ಹೀಗೆ ಮಳೆಗಾಲವಿಡೀ ಮಣ್ಣಿಗೇ ಪೂಜೆ. ಕುಂಬಾರರ ಮನೆಗೆ ಬಿಡುವಿಲ್ಲ. ಒಕ್ಕಲುತನವಿಲ್ಲದ ಮನೆಯವರೂ ಮಣ್ಣೆತ್ತು ತರುವುದುಂಟು. ಟ್ರ್ಯಾಕ್ಟರು ಬಂದಮೇಲಂತೂ ಎಷ್ಟೋ ಒಕ್ಕಲಿಗರ ಹಟ್ಟಿಯಲ್ಲಿ ಉಳಿದಿರುವ ಎತ್ತೆಂದರೆ ಈ ಮಣ್ಣಿನದೊಂದೇ.

ನಾನು ಹೇಳುವ ಕುಂಬಾರರಿಗೆ ಎಪ್ಪತ್ತರ ಸಮೀಪದ ವಯಸ್ಸು. ಊರಿಗೆಲ್ಲ ಕಾಕಾ, ನನಗೂ ಕಾಕಾ. ಹಳ್ಳದಿಂದ ಮಣ್ಣು ತಂದು, ಕಲ್ಲು ಆರಿಸಿ, ನೆನೆಹಾಕಿ, ತುಳಿದು, ಮೇಣದಂತೆ ಹದಮಾಡಿಕೊಂಡು, ತಿಗರಿಯ ಸಹಾಯವಿಲ್ಲದೆ ಬರಿಯ ಬೆರಳಿನಲ್ಲಿ ಎತ್ತು ಎಬ್ಬಿಸುತ್ತಾರೆ. ಮೊದಲು ಮೈ, ಆಮೇಲೆ ಇಣಿ, ಆಮೇಲೆ ಕೊರಳು, ಕಣ್ಣು ಕಡೆಗೆ. ಸುಡುವುದಿಲ್ಲ, ನೆರಳಿನಲ್ಲಿ ಆರಿಸಿ ಸುಣ್ಣ ಹಚ್ಚುತ್ತಾರೆ, ಅಷ್ಟೆ. ಒಂದು ಎತ್ತು ಕತ್ತು ಕೊಂಕಿಸಿರುತ್ತದೆ, ಇನ್ನೊಂದು ಹಟ ಹಿಡಿದು ನಿಂತಿರುತ್ತದೆ. ಬೇಸಿಗೆಯಲ್ಲಿ ಕಲಬುರಗಿಯ ಶರಣಬಸವೇಶ್ವರ ಜಾತ್ರೆಗೆ ಹೋಗಿ ಕುದುರೆ, ಆನೆ, ಗಿಳಿಗಳನ್ನು ಮಾರುತ್ತಾರೆ. ಉಳಿದ ಕಾಲದಲ್ಲಿ ಚಿತ್ತಾಪುರ, ವಾಡಿ, ಸೇಡಂ ಎಂದು ಸಂತೆ ಸಂತೆ ತಿರುಗುತ್ತಾರೆ. ಹುಲ್ಲಿನ ಮೇಲೆ ಬೊಂಬೆ ಜೋಡಿಸಿದ ಬುಟ್ಟಿ, ಬಸ್ಸಿನ ಕೊನೆಯ ಸೀಟು, ಇಳಿಯುವ ಹೊತ್ತಿಗೆ ಮುರಿದ ನಾಲ್ಕು ಕಿವಿ, ಎರಡು ಬಾಲ. ಅವರ ಬದುಕಿನ ಪ್ರವಾಸಕಥನ ಇಷ್ಟು.

ಮೂರು ವರ್ಷದ ಕೆಳಗೆ ನಮ್ಮ ಕಡೆ ಒಂದು ಕರಕುಶಲ ಪ್ರದರ್ಶನ ನಡೆಯಿತು. ಮಾತನಾಡಲು ನನ್ನನ್ನು ಕರೆದರು. ಕಾಕಾ ತಮ್ಮ ಎತ್ತುಗಳನ್ನು ಒಂದು ಮೇಜಿನ ಮೇಲೆ ನಿಲ್ಲಿಸಿಕೊಂಡು ಹಿಂದೆ ಕುಳಿತಿದ್ದರು. ನಾನು ಹರಿಹರನ ರಗಳೆಯ ಕುಂಬಾರ ಗುಂಡಯ್ಯನಿಂದ ಆರಂಭಿಸಿದೆ. ಅವನ ಮಡಕೆಯ ತಾಳಕ್ಕೆ ಶಿವನೇ ಇಳಿದು ಬಂದು ಕುಣಿದನೆಂದೆ. ಅಲ್ಲಿಂದ ಸಿಂಧೂ ಕಣಿವೆಗೆ ಹೋಗಿ, ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಮಣ್ಣಿನ ಎತ್ತು, ಆಟದ ಬಂಡಿಗಳನ್ನು ಹೊಡೆದುಕೊಂಡು ಸಭೆಗೆ ತಂದೆ. ಕೊನೆಗೆ ಕಾಕಾ ಅವರ ಕಡೆ ತಿರುಗಿ, ಪೇಟೆಯಲ್ಲಿ ಏನೇ ಬರಲಿ, ನೀವು ಮಾತ್ರ ಅಚ್ಚನ್ನು ಮುಟ್ಟಬೇಡಿರೆಂದು ಕೈಮುಗಿದೆ. ಚಪ್ಪಾಳೆ ಬಿತ್ತು. ನನಗೆ ಶಾಲು ಹೊದಿಸಿದರು. ಕಾಕಾ ಅವರಿಗೆ ಒಂದು ಪ್ರಮಾಣಪತ್ರ ಕೊಟ್ಟರು.

ಮರುವರ್ಷ ಅಮಾವಾಸ್ಯೆಯ ಹಿಂದಿನ ದಿನ ಮಗನನ್ನು ಕರೆದುಕೊಂಡು ಪೇಟೆಗೆ ಹೋದೆ. ಹೊರಗಿನಿಂದ ಬಂದ ವ್ಯಾಪಾರಿಯೊಬ್ಬ ಪ್ಲಾಸ್ಟರಿನ ಎತ್ತುಗಳನ್ನು ರಾಶಿ ಹಾಕಿಕೊಂಡಿದ್ದ. ಕೆಂಪು ಜೂಲು, ಚಿನ್ನದ ಬಣ್ಣದ ಕೊಂಬು, ಎಲ್ಲವೂ ಒಂದೇ ಮುಖ. ಜೋಡಿಗೆ ಐವತ್ತು ರೂಪಾಯಿ. ಕಾಕಾ ಅವರ ಸುಣ್ಣದ ಎತ್ತು ಜೋಡಿಗೆ ಎಂಬತ್ತು. ಮಗ ಬಣ್ಣದ ಎತ್ತೇ ಬೇಕೆಂದ. ಮಗನ ಹಟವೆಂದು ಹೇಳಿ ನಾನು ಪಾರಾಗಬಹುದು. ಆದರೆ ಆ ಮೂವತ್ತು ರೂಪಾಯಿ ಉಳಿಯುವುದೂ ನನ್ನ ಗಮನದಲ್ಲಿತ್ತೆಂಬುದನ್ನು ಮುಚ್ಚಿಡಲಾರೆ. ಕೊಂಡು ತಿರುಗಿದಾಗ ಎದುರಿನ ಕಟ್ಟೆಯ ಮೇಲೆ ಕಾಕಾ ಕುಳಿತಿದ್ದರು. ನನ್ನ ಕೈಯಲ್ಲಿನ ಚೀಲವನ್ನು ನೋಡಿದರು. ನಮಸ್ಕಾರ ಮಾಡಿದರು. ನಾನೂ ಮಾಡಿದೆ.

ಆಮೇಲೆ ಬಹಳ ತಿಂಗಳು ಆ ಓಣಿಯ ಕಡೆ ನನ್ನ ಕಾಲು ಹೊರಳಲಿಲ್ಲ. ಹೋದಾಗ ಅಂಗಳದಲ್ಲಿ ಎರಡು ಹೋಳಿನ ಅಚ್ಚುಗಳು ಬಿಸಿಲಿಗೆ ಒಣಗುತ್ತಿದ್ದವು. ನನಗೆ ಆಗಿದ್ದು ದುಃಖವಲ್ಲ, ಅಸಮಾಧಾನ. ಏನು ಧೈರ್ಯ ನನ್ನದು!

“ಅಚ್ಚು ತಂದೀರೇನು ಕಾಕಾ?” ಎಂದೆ.

“ಹೌದ್ರಿ ಸರ, ತರಿಸೀನಿ.”

“ಕೈಲೆ ಮಾಡೋದು ಬಿಟ್ಟ್ರಿ?”

“ಬಿಟ್ಟಿಲ್ಲರಿ. ಕೇಳಿದವರಿಗೆ ಮಾಡಿ ಕೊಡ್ತೀನಿ. ಹೋದ ವರ್ಷ ಯಾರೂ ಕೇಳಲಿಲ್ಲ. ನಲವತ್ತು ಜೋಡಿ ಹಂಗೇ ಉಳದವು, ನೀರಾಗ ಹಾಕಿ ತಿರುಗಿ ಮಣ್ಣು ಮಾಡಿದೆ.” ಸ್ವಲ್ಪ ತಡೆದು, “ನೀವು ಭಾಷಣದಾಗ ಹೇಳಿದ್ದು ಖರೇನೇ ಅದರಿ,” ಎಂದು ಸೇರಿಸಿದರು.

ಆ ಮಾತಿನಲ್ಲಿ ವ್ಯಂಗ್ಯವಿದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಇರಲಿಲ್ಲ.

ಅಂದಿನಿಂದ ನಾನು ನನ್ನೊಡನೆ ವಾದ ಮಾಡುತ್ತಿದ್ದೇನೆ. ವಾದದ ಮೊದಲ ಮೆಟ್ಟಿಲು ಹೀಗೆ: ನಾನು ಹೊಗಳಿದ್ದು ತಪ್ಪೆ? ಅಲ್ಲ. ಎತ್ತು ಚೆನ್ನಾಗಿತ್ತು, ಚೆನ್ನಾಗಿದೆಯೆಂದೆ. ಸತ್ಯವನ್ನು ಹೇಳುವುದಕ್ಕೆ ಯಾರೂ ದಂಡ ತೆರಬೇಕಾಗಿಲ್ಲ. ಹಿಮಾಲಯವನ್ನು ಹೊಗಳಿದವನು ಹಿಮಾಲಯಕ್ಕೆ ಸಾಲಗಾರನೆ? ಆದರೆ ನಾನು ಅಲ್ಲಿಗೆ ನಿಲ್ಲಲಿಲ್ಲ. ಅಚ್ಚು ಮುಟ್ಟಬೇಡಿರೆಂದೆ. ಅದು ಹೊಗಳಿಕೆಯಲ್ಲ, ಬೇಡಿಕೆ. ಗುಂಡಯ್ಯನ ಬಳಿಗೆ ಬಂದ ಶಿವ ಕುಣಿದನೇ ಹೊರತು ಹೀಗೆಯೇ ಬಾರಿಸಬೇಕೆಂದು ಉಪದೇಶ ಮಾಡಲಿಲ್ಲ. ನನ್ನ ಕಣ್ಣಿಗೆ ಹಿತವಾಗಲೆಂದು ಇನ್ನೊಬ್ಬರು ನಷ್ಟ ತಾಳಿಕೊಳ್ಳಬೇಕೆಂದು ನಾನು ಸಭೆಯಲ್ಲಿ ಕೇಳಿದೆ. ಅದಕ್ಕೆ ಶಾಲನ್ನೂ ಪಡೆದೆ. ಸಾಲ ಹುಟ್ಟಿದ್ದು ಇಲ್ಲಿ.

ಎರಡನೆಯ ವಾದ: ಅಚ್ಚೇನು ಪಾಪವೆ? ಇದನ್ನೂ ನಾನು ಹುಡುಕಿ ನೋಡಿದೆ. ಪೈಠಣ, ತೇರ್ ಮೊದಲಾದೆಡೆ ಸಿಕ್ಕಿರುವ ಸಾತವಾಹನರ ಕಾಲದ ಮಣ್ಣಿನ ಬೊಂಬೆಗಳಲ್ಲಿ ಎರಡು ಹೋಳಿನ ಅಚ್ಚಿನಲ್ಲಿ ಒತ್ತಿದವು ಎಷ್ಟೋ ಇವೆ. ಸನ್ನತಿಯ ಶಿಲ್ಪಿಗಳ ಕಾಲಕ್ಕೇ ಅಚ್ಚು ಇತ್ತೆಂದಮೇಲೆ ಅದನ್ನು ಕಲಿಗಾಲದ ಕೆಡುಕೆಂದು ಜರೆಯುವುದು ಚರಿತ್ರೆಗೆ ಸಲ್ಲದು. ಕಾಕಾ ಅಚ್ಚಿನಲ್ಲಿ ಒತ್ತುವುದೂ ಮಣ್ಣೇ. ನೀರಿಗೆ ಬಿಟ್ಟರೆ ಕರಗುತ್ತದೆ. ನಾನು ಕೊಂಡ ಪ್ಲಾಸ್ಟರಿನ ಎತ್ತು ಕರಗುವ ಜಾತಿಯದಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಪರಿಷ್ಕರಿಸಿದ ಸೂಚನೆಗಳಲ್ಲಿ ಪ್ಲಾಸ್ಟರಿನ ಮೂರ್ತಿಗಳು ಕೂಡದೆಂದೇ ಹೇಳಿದೆ. ಮುಂದಿನ ಬೇಸಿಗೆಯಲ್ಲಿ ಕಾಗಿಣಾ ಬತ್ತಿದಾಗ ಬಣ್ಣ ಕಳೆದುಕೊಂಡ ಅಂಥ ಎತ್ತುಗಳು ದಡದ ಕೆಸರಿನಲ್ಲಿ ಕಾಲು ಮೇಲೆ ಮಾಡಿ ಬಿದ್ದಿದ್ದವು. ಯಾವುದು ನನ್ನದೆಂದು ಗುರುತಿಸುವಂತಿರಲಿಲ್ಲ. ಎಲ್ಲವಕ್ಕೂ ಒಂದೇ ಮುಖವಷ್ಟೆ.

ಮೂರನೆಯ ವಾದವನ್ನು ನನ್ನ ಅರ್ಥಶಾಸ್ತ್ರದ ಸ್ನೇಹಿತರು ಹೂಡಿದರು. ಅಗ್ಗದ ವಸ್ತುವನ್ನು ಕೊಳ್ಳುವುದು ಗೃಹಸ್ಥನ ಧರ್ಮ. ಕಲೆಯನ್ನು ಕಾಪಾಡುವುದು ಸರ್ಕಾರದ ಕೆಲಸ ಎಂದರು. ಸರ್ಕಾರ ಏನೂ ಮಾಡಿಲ್ಲವೆನ್ನಲಾಗದು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಸ್ಥಾಪನೆಯಾದಾಗ ಅದರ ಅಧ್ಯಕ್ಷತೆ ವಹಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು. ದೇಶದ ಮೂಲೆಮೂಲೆಯ ಕುಶಲಕರ್ಮಿಗಳನ್ನು ಹುಡುಕಿ ಬೆಳಕಿಗೆ ತಂದ ಪುಣ್ಯ ಆ ತಾಯಿಯದು. ಹಾಲೆಮರವನ್ನು ಚರಕಿಗೆ ಕೊಟ್ಟು ಅರಗಿನ ಬಣ್ಣ ಹಚ್ಚುವ ಚನ್ನಪಟ್ಟಣದ ಬೊಂಬೆಗೂ, ಹಗುರ ಮರಕ್ಕೆ ಹುಣಸೆಬೀಜದ ಅಂಟು ಬಳಿದು ರೂಪ ಕೊಡುವ ಕೊಪ್ಪಳದ ಕಿನ್ನಾಳದ ಬೊಂಬೆಗೂ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಅವು ಪ್ರದರ್ಶನದಿಂದ ಪ್ರದರ್ಶನಕ್ಕೆ ಪ್ರಯಾಣ ಮಾಡುತ್ತವೆ, ಗಾಜಿನ ಬೀರುವಿನಲ್ಲಿ ವರ್ಷಗಟ್ಟಲೆ ನಿಲ್ಲುತ್ತವೆ. ಆದರೆ ಸುಡದ ಮಣ್ಣಿನ ಎತ್ತನ್ನು ಯಾವ ಮಳಿಗೆ ಕಾಪಿಡುತ್ತದೆ? ಕರಗಲೆಂದೇ ಮಾಡಿದ್ದು ಅದು. ಅದಕ್ಕಿರುವ ಪ್ರದರ್ಶನ ಮನೆಯ ಜಗುಲಿ, ಅದಕ್ಕಿರುವ ಪೋಷಕರು ಪಕ್ಕದ ಓಣಿಯವರು. ಸರ್ಕಾರ ಎಷ್ಟೇ ಉದಾರವಾದರೂ ನನ್ನ ಜಗುಲಿಯ ಮೇಲೆ ಎತ್ತು ಇಡಲು ಬಾರದು.

ಆದರೂ ಸ್ನೇಹಿತರ ಮಾತಿನಲ್ಲಿ ಒಂದು ಸತ್ಯವಿದೆ. ಗಣಿಯಲ್ಲಿ ಕಲ್ಲು ಒಡೆದು ಸಂಜೆ ಪೇಟೆಗೆ ಬರುವ ಕೂಲಿಯವನು ಐವತ್ತರ ಜೋಡಿಯನ್ನು ಕೊಂಡರೆ ನಾನು ತುಟಿ ಬಿಚ್ಚಲಾರೆ. ಅವನಿಗೆ ಮೂವತ್ತು ರೂಪಾಯಿ ಒಂದು ಹೊತ್ತಿನ ಜೋಳ. ಮೇಲಾಗಿ ಅವನು ಭಾಷಣ ಮಾಡಿರಲಿಲ್ಲ. ಜಾನ್ ರಸ್ಕಿನ್ 1860ರಲ್ಲಿ ಬರೆದ ಲೇಖನಗಳನ್ನು ಗಾಂಧೀಜಿ 1904ರಲ್ಲಿ ದಕ್ಷಿಣ ಆಫ್ರಿಕದ ರೈಲಿನಲ್ಲಿ ಓದಿ ನಿದ್ದೆಗೆಟ್ಟು, 1908ರಲ್ಲಿ ‘ಸರ್ವೋದಯ’ವೆಂದು ಗುಜರಾತಿಗೆ ಇಳಿಸಿದರಷ್ಟೆ. ಒಂದು ವಸ್ತುವನ್ನು ಕೊಳ್ಳುವ ಮೊದಲು, ಅದನ್ನು ಮಾಡಿದವನು ಯಾವ ಸ್ಥಿತಿಯಲ್ಲಿ ಬದುಕುವಂತೆ ನಾವು ಮಾಡುತ್ತಿದ್ದೇವೆಂಬುದನ್ನು ಯೋಚಿಸಬೇಕೆಂಬುದು ಅಲ್ಲಿ ಬರುವ ಒಂದು ವಿಚಾರ. ಈ ಕರ್ತವ್ಯ ಎಲ್ಲರಿಗೂ ಒಂದೇ ತೂಕದ್ದಲ್ಲ. ಕೊಳ್ಳುವ ಶಕ್ತಿಯಿದ್ದವನಿಗೆ ಹೆಚ್ಚು. ಶಕ್ತಿಯೂ ಇದ್ದು, ಮಾಡುವವನಿಗೆ ನಿಷ್ಠೆ ಬೋಧಿಸಿದವನಿಗೆ ಇನ್ನೂ ಹೆಚ್ಚು.

ಹಾಗಾದರೆ ಋಣ ತೀರಿಸುವುದು ಹೇಗೆ? ಇದರಲ್ಲಿಯೂ ನಾನು ಎಡವಿದೆ. ಈ ವರ್ಷ ಕಾರಹುಣ್ಣಿಮೆಗೆ ಮುಂಚೆಯೇ ಹೋಗಿ, ಕೈಯಲ್ಲಿ ಮಾಡಿದ ಒಂದು ಜೋಡಿ ಬೇಕೆಂದು ಹೇಳಿ, ಇನ್ನೂರರ ನೋಟು ಚಾಚಿ, ಉಳಿದದ್ದು ಇಟ್ಟುಕೊಳ್ಳಿರಿ ಎಂದೆ. ಕಾಕಾ ಒಳಗೆ ಹೋಗಿ ಚಿಲ್ಲರೆ ತಂದು, ನೂರಿಪ್ಪತ್ತು ರೂಪಾಯಿ ಎಣಿಸಿ ನನ್ನ ಕೈಗೆ ಇಟ್ಟರು. “ಎತ್ತಿನ ಬೆಲೆ ಎಂಬತ್ತು ಅದರಿ ಸರ,” ಎಂದರು.

ತರಗತಿಯಲ್ಲಿ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಎಷ್ಟು ಸಲ ಹೇಳಿಲ್ಲ! ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಹಿಂದಕ್ಕೆ ಕಳಿಸಿದಳಾಕೆ. ಆ ಕಥೆಯನ್ನು ದುಡಿಯುವವನ ಮಿತಿಯ ಪಾಠವೆಂದೇ ನಾನು ಹೇಳಿಕೊಂಡು ಬಂದಿದ್ದೆ. ಕೊಡುವವನಿಗೂ ಅದರಲ್ಲಿ ಪಾಠವಿದೆ. ನಾನು ಕೊಡಹೋದದ್ದು ಬೆಲೆಯಲ್ಲ, ನನ್ನ ಮನಸ್ಸಿನ ಕಸಿವಿಸಿಗೆ ಪರಿಹಾರ. ಅದನ್ನು ಅವರು ಏಕೆ ಇಟ್ಟುಕೊಳ್ಳಬೇಕು? ಕಾಕಾ ಅವರಿಗೆ ಬೇಕಾಗಿದ್ದುದು ದಾನವಲ್ಲ, ಗಿರಾಕಿ. ಎಷ್ಟು ಜೋಡಿ ಮಾಡಬೇಕೆಂಬುದು ಮೊದಲೇ ಗೊತ್ತಾದರೆ ಮಣ್ಣು ತುಳಿಯುವ ಕಾಲಿಗೆ ಬಲ ಬರುತ್ತದೆ. ಅದು ಹೊಳೆಯಲು ನನಗೆ ಮೂರು ವರ್ಷ ಹಿಡಿಯಿತು. ಕಾಲೇಜಿಗೆ ಹೋಗಿ ಸಹೋದ್ಯೋಗಿಗಳನ್ನು ಕೇಳಿದೆ. ಹನ್ನೊಂದು ಮನೆಯವರು ಒಪ್ಪಿದರು. ಹನ್ನೊಂದು ಜೋಡಿಯಿಂದ ಯಾವ ಕಲೆಯೂ ಉದ್ಧಾರವಾಗುವುದಿಲ್ಲ. ಅಂಗಳದಲ್ಲಿ ಅಚ್ಚುಗಳು ಈಗಲೂ ಇವೆ. ಇರಲಿ, ಅವರ ಮನೆ ನಡೆಯಬೇಕು. ಅಸಮಾಧಾನಪಡುವ ಹಕ್ಕು ನನ್ನದಲ್ಲವೆಂಬುದಷ್ಟು ನನಗೀಗ ತಿಳಿದಿದೆ.

ಅಮಾವಾಸ್ಯೆಯ ದಿನ ಎತ್ತುಗಳು ನಮ್ಮ ಜಗುಲಿಯ ಮೇಲೆ ನಿಂತವು. ಮಡದಿ ಗ್ವಾದಲಿಯಲ್ಲಿ ನಾಲ್ಕು ಕಾಳು ಜೋಳ ಹಾಕಿದಳು. ಬಣ್ಣವಿಲ್ಲವೆಂದು ಮಗ ಮೊದಲು ಮುಖ ಊದಿಸಿದ್ದವನು, ಒಂದು ಎತ್ತು ತನ್ನನ್ನೇ ನೋಡುತ್ತಿದೆಯೆಂದು ಕೂಗಿಕೊಂಡ. ಮರುದಿನ ನಮ್ಮಲ್ಲಿ ಮಕ್ಕಳು ಒಂದು ಎತ್ತಿನ ಕಾಲು ಮುರಿದು, ಕುಂಟೆತ್ತು ಬಂದಿದೆಯೆಂದು ಮನೆಮನೆಯ ಮುಂದೆ ಹಾಡಿ ಜೋಳ ಬೇಡುವ ರೂಢಿಯುಂಟು. ಕಾಕಾ ಮಾಡಿದ ಎತ್ತಿನ ಕಾಲನ್ನು ಮಗ ಮುರಿಯಹೊರಟಾಗ ನನ್ನ ಎದೆ ಝಲ್ಲೆಂದಿತು, ಬೇಡವೆನ್ನಬೇಕೆಂದೆ. ಆದರೆ ಅದನ್ನು ಮಾಡಿದವರು ಮುರಿಯಲೆಂದೂ ಕರಗಲೆಂದೂ ತಿಳಿದೇ ಅಷ್ಟು ಮುತುವರ್ಜಿಯಿಂದ ಕಣ್ಣು ಬಿಡಿಸಿದ್ದರು. ಬೀರುವಿನಲ್ಲಿಟ್ಟು ಕಾಪಾಡಲು ನಾನು ಯಾರು?

ಹುಡುಗರು ಹಾಡುತ್ತ ಓಣಿ ತಿರುಗಿ, ಸಂಜೆ ಕುಂಟೆತ್ತನ್ನು ಅದರ ಜೊತೆಗಾರನೊಡನೆ ನೀರಿಗೆ ಬಿಟ್ಟು ಬಂದರು. ಈ ವರ್ಷದ ಎತ್ತು ಕರಗಿತು. ಋಣ ಕರಗಿತೆನ್ನಲಾರೆ. ಮಣ್ಣೆತ್ತಿನ ಅಮಾವಾಸ್ಯೆ ಮುಂದಿನ ವರ್ಷವೂ ಬರುತ್ತದೆ. ಕಾರಹುಣ್ಣಿಮೆಗೆ ಮುಂಚೆಯೇ ನಾನು ಆ ಓಣಿಗೆ ಹೋಗಬೇಕು.