ಹುಟ್ಟಿದ ನೆಲ, ಸೇರಿದ ಮನೆ

ಹೆಣ್ಣುಮಕ್ಕಳನ್ನು ‘ನಿಮ್ಮ ಊರು ಯಾವುದು?’ ಎಂದು ಕೇಳಿದರೆ ಒಂದೇ ಮಾತಿನಲ್ಲಿ ಹೇಳುವುದು ಕಷ್ಟ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬ ಪದ್ಧತಿಯಿಂದ ನಾನು ಹುಟ್ಟಿದ್ದು ಮಾನ್ವಿಯಲ್ಲಿ, ಅಜ್ಜಿಯ ಮನೆಯಲ್ಲಿ. ಬೆಳೆದದ್ದು ದೇವದುರ್ಗದಲ್ಲಿ. ಕೊಟ್ಟದ್ದು ರಾಯಚೂರಿಗೆ. ಮೂರೂ ನನ್ನ ಊರುಗಳೇ. ಯಾರೂ ನನ್ನಿಂದ ಪುರಾವೆ ಕೇಳಿಲ್ಲ.

ಆದರೆ ದೇಶದ ಮಾತು ಬಂದಾಗ ಪುರಾವೆ ಕೇಳುತ್ತಾರೆ. ಒಂದು ನೆಲದಲ್ಲಿ ಹುಟ್ಟಿದ ಮಾತ್ರಕ್ಕೆ ಮಗು ಆ ದೇಶದ್ದಾಗುತ್ತದೆಯೇ ಎಂಬ ಜಗಳ ಈಗ ಲೋಕದಲ್ಲೆಲ್ಲ ಇದೆ. ಅಮೆರಿಕದಲ್ಲಿ 1868ರ ಸಂವಿಧಾನ ತಿದ್ದುಪಡಿಯೊಂದು ಅಲ್ಲಿ ಹುಟ್ಟಿದವರಿಗೆ ಪೌರತ್ವ ಕೊಟ್ಟಿತು. 2025ರ ಜನವರಿ 20ರಂದು ಅಧ್ಯಕ್ಷ ಟ್ರಂಪ್, ಕಾನೂನು ಮೀರಿ ಬಂದವರ ಮತ್ತು ತಾತ್ಕಾಲಿಕ ವೀಸಾದಲ್ಲಿರುವವರ ಮಕ್ಕಳಿಗೆ ಅದು ಸಲ್ಲದೆಂದು ಆದೇಶ ಹೊರಡಿಸಿದರು. ನ್ಯಾಯಾಲಯಗಳು ತಡೆ ನೀಡಿದವು. ಮಗಳ ಬಾಣಂತನಕ್ಕೆಂದು ಅಲ್ಲಿಗೆ ಹೋಗುವ ನಮ್ಮ ಕಡೆಯ ತಾಯಂದಿರಿಗೂ ಇದು ದೂರದ ಸುದ್ದಿಯಾಗಿ ಉಳಿಯಲಿಲ್ಲ.

ನಮ್ಮ ದೇಶವೂ ಇದೇ ದಾರಿಯಲ್ಲಿ ನಡೆದು ಬಂದಿದೆ. 1955ರ ಪೌರತ್ವ ಕಾಯ್ದೆಯ ಪ್ರಕಾರ, 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಇಲ್ಲಿ ಹುಟ್ಟಿದವರು, ತಂದೆತಾಯಿ ಯಾರೇ ಇರಲಿ, ಭಾರತೀಯರು. ಆಮೇಲೆ ಹುಟ್ಟಿದವರಿಗೆ ತಂದೆತಾಯಿಯರಲ್ಲಿ ಒಬ್ಬರಾದರೂ ಭಾರತೀಯರಿರಬೇಕು. 2004ರ ಡಿಸೆಂಬರ್ 3ರಿಂದ ಇನ್ನೂ ಬಿಗಿ: ಇಬ್ಬರೂ ಭಾರತೀಯರಿರಬೇಕು, ಇಲ್ಲವೇ ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಅಕ್ರಮವಾಗಿ ಬಂದವರಾಗಿರಬಾರದು.

ಇದರ ಅರ್ಥ ತಿಳಿಯಲು ದೂರ ಹೋಗಬೇಕಿಲ್ಲ. ರಾಯಚೂರಿನಿಂದ ಮಾನ್ವಿ ದಾಟಿ ಮುಂದೆ ಹೋದರೆ ಸಿಂಧನೂರು. ಆ ತಾಲ್ಲೂಕಿನ ಪುನರ್ವಸತಿ ಕ್ಯಾಂಪುಗಳಲ್ಲಿ, 1971ರ ಆಸುಪಾಸಿನಲ್ಲಿ, ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರವೇ ನೆಲೆ ಕೊಟ್ಟಿತು. ನೆಲೆ ಸಿಕ್ಕಿತು, ಎಲ್ಲರಿಗೂ ಪೌರತ್ವ ಸಿಗಲಿಲ್ಲ. ಪೌರತ್ವದ ಕಾಗದವಿಲ್ಲದ ದಂಪತಿಗೆ ಅಲ್ಲಿ 1986ರಲ್ಲಿ ಒಬ್ಬ ಮಗ, 1988ರಲ್ಲಿ ಒಬ್ಬ ಮಗಳು ಹುಟ್ಟಿದರು ಎನ್ನಿ. ಒಂದೇ ತಾಯಿಯ ಹಾಲು ಕುಡಿದವರು. ಕಾನೂನಿನ ಕಣ್ಣಿನಲ್ಲಿ ಅಣ್ಣ ಈ ದೇಶದವನು, ತಂಗಿ ಅಲ್ಲ. ಎರಡು ವರ್ಷ ತಡವಾಗಿ ಹುಟ್ಟಿದ್ದೇ ಅವಳ ತಪ್ಪೇ?

2019ರ ತಿದ್ದುಪಡಿ, ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನಗಳಿಂದ 2014ರ ಕೊನೆಯೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರಿಗೆ ದಾರಿ ತೆರೆಯಿತು. ಅದರ ನಿಯಮಗಳು 2024ರ ಮಾರ್ಚ್‌ನಲ್ಲಿ ಬಂದವು. ಅದೇ ವರ್ಷ ಈ ಕ್ಯಾಂಪುಗಳ ಕೆಲವರ ಕೈಗೆ ಪೌರತ್ವದ ಪತ್ರ ಬಂತು. ಅರ್ಧ ಶತಮಾನ ಕಾದವರಿಗೆ ಅದು ಸಿಕ್ಕಿದ್ದು ನನಗೆ ಸಂತೋಷವೇ. ಆದರೆ ಆ ಪಟ್ಟಿಯಲ್ಲಿಲ್ಲದ ಧರ್ಮದ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಕೂಸು ಯಾವ ಗಡಿ ದಾಟಿತ್ತು ಎಂದು ಮನಸ್ಸು ಕೇಳುತ್ತದೆ.

ಎದುರು ಮಾತಿನಲ್ಲೂ ಹುರುಳಿಲ್ಲದೆ ಇಲ್ಲ. ಮನೆಯೆಂದ ಮೇಲೆ ಬಾಗಿಲಿರಬೇಕು, ಬಾಗಿಲಿಗೆ ಅಗುಳಿಯೂ ಇರಬೇಕು. ನಿಯಮದಂತೆ ಅರ್ಜಿ ಹಾಕಿ ಕಾದವರಿಗಿಂತ ಕದ್ದು ಬಂದವರಿಗೆ ಮೊದಲು ಮಣೆ ಹಾಕಿದರೆ ನ್ಯಾಯವಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದಾಗ ಆಂಧ್ರದ ರೈತರು ನಮ್ಮ ಕಡೆ ಭೂಮಿ ಕೊಂಡು ಕ್ಯಾಂಪುಗಳನ್ನು ಕಟ್ಟಿದರು. ಅವರು ಇದೇ ದೇಶದವರು, ಕಾನೂನಿನಂತೆ ಬಂದವರು. ಆದರೂ ‘ಭೂಮಿ ಪರರ ಪಾಲಾಯಿತು’ ಎಂಬ ಸಂಕಟದ ಮಾತು ಇಲ್ಲಿ ಕೇಳಿಬಂತು. ಆ ಸಂಕಟವನ್ನು ಸಣ್ಣತನವೆಂದು ತಳ್ಳಿಹಾಕಲು ನಾನು ಸಿದ್ಧಳಿಲ್ಲ.

ಆದರೆ ನಮ್ಮವರೂ ಪರಊರಿನಲ್ಲಿ ಪರರೇ ಅಲ್ಲವೇ? ಮಳೆ ಕೈಕೊಟ್ಟರೆ ದೇವದುರ್ಗದ ಹಳ್ಳಿಗಳಿಂದ ಜನ ಬೆಂಗಳೂರು, ಪುಣೆಗಳಿಗೆ ಗುಳೆ ಹೋಗುತ್ತಾರೆ. ಕಟ್ಟಡ ಏಳುವ ಜಾಗದಲ್ಲೇ ಮಕ್ಕಳು ಹುಟ್ಟುತ್ತವೆ. ಶಾಲೆಗೆ ಸೇರಿಸಲು ಬಂದ ತಾಯಿಯನ್ನು ಜನ್ಮಸ್ಥಳ ಕೇಳಿದರೆ, “ಅಲ್ಲೇ ಶೆಡ್ಡಿನಾಗ ಹುಟ್ಟೈತ್ರೀ ಟೀಚರ್, ಕಾಗದ ಎಲ್ಲಿಂದ ತರ್ಲಿ?” ಎನ್ನುತ್ತಾಳೆ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆಗೆ ಸೇರಲೂ ಜನನ ಪ್ರಮಾಣಪತ್ರವೇ ಆಧಾರವೆಂದು ಕಾನೂನಾಗಿದೆ. ಮಗುವಿನ ಪೌರತ್ವಕ್ಕೆ ತಂದೆತಾಯಿಯ ಕಾಗದ ಬೇಕೆಂದರೆ ಮೊದಲು ಸಿಕ್ಕಿಬೀಳುವವಳು ಇಂಥ ತಾಯಿ: ಮನೆಯಲ್ಲಿ ಹುಟ್ಟಿದವಳು, ಶಾಲೆ ಕಾಣದವಳು, ಮದುವೆಯಲ್ಲಿ ಹೆಸರು ಬದಲಾದವಳು. ಅವಳು ಎಂದೂ ಗಡಿ ದಾಟಿದವಳಲ್ಲ. ಆದರೂ ಪರದೇಶದವಳಲ್ಲವೆಂದು ಅವಳೇ ತೋರಿಸಬೇಕು.

ಹೆಂಗಸರಾದ ನಮಗೆ ಒಂದು ಮಾತು ಅನುಭವದಿಂದ ಗೊತ್ತಿದೆ. ಮನೆಯವರಾಗಲು ಎರಡು ದಾರಿ: ಹುಟ್ಟಿ ಆಗುವುದು, ಬಾಳಿ ಆಗುವುದು. ಸೊಸೆಯಾಗಿ ಬಂದವಳು ಮೂವತ್ತು ವರ್ಷ ಒಲೆ ಹಚ್ಚಿದ ಮೇಲೆ ಅವಳನ್ನು ಹೊರಗಿನವಳು ಎನ್ನುವವರಿಗೆ ಊರೇ ಬುದ್ಧಿ ಹೇಳುತ್ತದೆ. ಕಾನೂನಿಗೂ ಇಷ್ಟು ವಿವೇಕ ಸಾಧ್ಯವಿದೆ. ಗಡಿ ಕಾಯಲಿ, ಕದ್ದು ದಾಟಿದ ದೊಡ್ಡವರನ್ನು ವಿಚಾರಿಸಲಿ, ತಲೆಮಾರು ಕಳೆಯುವ ಮೊದಲೇ ತೀರ್ಮಾನ ಹೇಳಲಿ. ಆದರೆ ಸಾಲಗಾರ ಸತ್ತರೆ, ಅವನು ಬಿಟ್ಟುಹೋದ ಆಸ್ತಿಗಿಂತ ಹೆಚ್ಚಿನ ಸಾಲವನ್ನು ಮಗನ ತಲೆಗೆ ಕಟ್ಟಬಾರದೆನ್ನುವ ನಾವು, ತಂದೆತಾಯಿ ಗಡಿ ದಾಟಿದ ತಪ್ಪನ್ನು ಕೂಸಿನ ಹಣೆಗೆ ಬರೆಯುವುದು ಹೇಗೆ? ಹುಟ್ಟುವ ಜಾಗವನ್ನು ಯಾವ ಮಗುವೂ ಆರಿಸಿಕೊಂಡು ಬರುವುದಿಲ್ಲ.