ಅಂಕಣದ ಇನ್ನರ್ಧ


*ಇಂದಿನ ಚಿಂತನೆ*



ಕೆಲವು ವರ್ಷಗಳ ಹಿಂದೆ ನನ್ನ ತರಗತಿಗೆ ಆಟಿಸಂ ಇರುವ ಹುಡುಗನೊಬ್ಬ ಸೇರಿದ. ಹೆಚ್ಚು ಮಾತಿಲ್ಲ. ಅವನ ವೈಯಕ್ತಿಕ ಶಿಕ್ಷಣ ಯೋಜನೆಯಲ್ಲಿ 'ವರ್ತನೆ' ಎಂಬ ಅಂಕಣವಿತ್ತು. ನಾನು ಬರೆದೆ: "ಹಠಮಾರಿ. ಹೊಡೆಯುತ್ತಾನೆ." ಸಹಿ ಹಾಕಲು ಬಂದ ತಾಯಿ ಓದಿ, "ಅವ ಹೊಡೆಯುವುದಲ್ಲ ಟೀಚರ್, ಅವನಿಗೆ ಹೆದರಿಕೆ ಆಗುವುದು. ಅದೊಂದು ಬರೀಬೇಡಿ" ಎಂದರು.

ಬರೆಯದಿದ್ದರೆ ಸತ್ಯ ಮುಚ್ಚಿಟ್ಟಂತೆ. ಪಕ್ಕದಲ್ಲಿ ಕೂರುವ ಮಗುವಿನ ಹೊಣೆಯೂ ನನ್ನದೇ. ಬರೆದರೆ ಆ ಪದ ಮುಂದಿನ ತರಗತಿಗೆ ಹುಡುಗನಿಗಿಂತ ಮೊದಲೇ ಹೋಗಿ ಕೂರುತ್ತದೆ. ಏನು ಮಾಡುವುದು?

ವಿನಯಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗವಿದೆ. ಅತಿಸಾರದಿಂದ ತನ್ನ ಮಲಮೂತ್ರದಲ್ಲೇ ಬಿದ್ದಿದ್ದ ಭಿಕ್ಷುವನ್ನು ಬುದ್ಧರು ಮತ್ತು ಆನಂದ ತಾವೇ ತೊಳೆದು ಮಂಚದ ಮೇಲೆ ಮಲಗಿಸಿದರು. ಇದು ನಮಗೆಲ್ಲ ಗೊತ್ತು. ಮುಂದಿನ ಭಾಗ ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಆರೈಕೆಗೆ ಕಷ್ಟವಾಗುವ ರೋಗಿಯ ಐದು ಲಕ್ಷಣಗಳನ್ನು ಬುದ್ಧರು ಹೇಳುತ್ತಾರೆ. ಕಾಯಿಲೆ ಏರಿದ್ದನ್ನು, ಇಳಿದದ್ದನ್ನು ಇದ್ದಂತೆ ತಿಳಿಸದಿರುವುದು ಅವುಗಳಲ್ಲೊಂದು. ಅಲ್ಲಿಗೇ ನಿಲ್ಲದೆ, ಆರೈಕೆಗೆ ತಕ್ಕವನಲ್ಲದವನ ಐದು ಲಕ್ಷಣಗಳನ್ನೂ ಎಣಿಸುತ್ತಾರೆ: ಔಷಧ ಸಿದ್ಧಪಡಿಸಲು ಬಾರದವನು, ಹಿತ ಅಹಿತ ತಿಳಿಯದವನು, ಮೈತ್ರಿಯಿಲ್ಲದೆ ಲಾಭಕ್ಕಾಗಿ ಮಾಡುವವನು, ಹೇಸುವವನು, ಧರ್ಮದ ಮಾತಿನಿಂದ ಧೈರ್ಯ ತುಂಬಲಾರದವನು.

ನನ್ನ ಅಂಕಣದಲ್ಲಿ ಮೊದಲ ಪಟ್ಟಿ ಮಾತ್ರ ಇತ್ತು. ಅದೂ ಇದ್ದಂತೆ ಇರಲಿಲ್ಲ. 'ಹಠಮಾರಿ' ಎಂದು ನಾನು ಬರೆದದ್ದು ನನ್ನ ಸುಸ್ತನ್ನು. ಮಾತು ಬಾರದ ಮಗುವಿನ ಪರವಾಗಿ ಇದ್ದದ್ದನ್ನು ಇದ್ದಂತೆ ತಿಳಿಸುವ ಕೆಲಸ ನೋಡಿಕೊಳ್ಳುವವರದು. ಒಂದು ವಾರ ಗಮನಿಸಿ ಮತ್ತೆ ಬರೆದೆ:

"ಬೆಲ್ ಹೊಡೆದಾಗ, ರಸ್ತೆಯಲ್ಲಿ ಸಿಟಿ ಬಸ್ಸು ಹಾರ್ನ್ ಹಾಕಿದಾಗ ಕಿವಿ ಮುಚ್ಚುತ್ತಾನೆ. ಆಗ ಕೈ ಹಿಡಿದು ಎಳೆದರೆ ಹೊಡೆಯುತ್ತಾನೆ. ಹತ್ತು ನಿಮಿಷ ಸುಮ್ಮನೆ ಬಿಟ್ಟರೆ ತಾನೇ ಬರುತ್ತಾನೆ. ಟೀಚರ್ ಬೆಲ್ಲಿಗೆ ಮೊದಲೇ ತಿಳಿಸಬೇಕು. ಕೈ ಎಳೆಯಬಾರದು. ಕಿಟಕಿಯಿಂದ ದೂರದ ಬೆಂಚು ಕೊಡಬೇಕು."

'ಹೊಡೆಯುತ್ತಾನೆ' ಎಂಬುದು ಹಾಗೇ ಉಳಿಯಿತು. ತಾಯಿ ಎರಡು ಸಲ ಓದಿ ಸಹಿ ಹಾಕಿದರು.

ವಿಕಲಚೇತನರ ಹಕ್ಕುಗಳ ಕಾಯ್ದೆ, 2016 ಪಟ್ಟಿ ಮಾಡಿರುವ 21 ಬಗೆಗಳಲ್ಲಿ ಆಟಿಸಂ ಕೂಡ ಇದೆ. ಅದರ 16ನೇ ಕಲಂ ಪ್ರಕಾರ, ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳು ಇಂಥ ಮಗುವನ್ನು ತಾರತಮ್ಯವಿಲ್ಲದೆ ಸೇರಿಸಿಕೊಂಡು, ಅದರ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕು. ಅಗತ್ಯ ಏನೆಂದು ಬಿಡಿಸಿ ಬರೆಯದೆ ಹೊಂದಾಣಿಕೆ ಹೇಗೆ ಸಾಧ್ಯ? ಮುಚ್ಚಳಿಕೆಯಲ್ಲಿ 'ದುರ್ವರ್ತನೆ ತೋರಿದರೆ' ಎಂದಷ್ಟೇ ಇದ್ದರೆ, ಯಾವುದು ದುರ್ವರ್ತನೆ ಎಂದು ತೀರ್ಮಾನಿಸುವುದು ಆ ದಿನ ಯಾರಿಗೆ ಸಿಟ್ಟು ಬಂದಿದೆಯೋ ಅವರು. ಮನೆಯ ಹಿರಿಯರನ್ನು ನೋಡಿಕೊಳ್ಳಲು ಹೋಮ್ ನರ್ಸ್ ಜೊತೆ ಮಾಡಿಕೊಳ್ಳುವ ಒಪ್ಪಂದಕ್ಕೂ ಇದೇ ಮಾತು.

*ಇಂದಿನ ಅಭ್ಯಾಸ:* 'ಇವರನ್ನು ಸಂಭಾಳಿಸುವುದೇ ಕಷ್ಟ' ಎಂದು ನಾವು ಹೇಳುವ ಒಬ್ಬರನ್ನು ನೆನೆಯೋಣ. ಯಾವಾಗ, ಏನಾದ ಮೇಲೆ, ಎಷ್ಟು ಹೊತ್ತು ಎಂದು ಮೂರು ಸಾಲು ಬರೆಯೋಣ. ನಾಲ್ಕನೇ ಸಾಲು ನಮ್ಮ ಬಗ್ಗೆ ಇರಲಿ.

ಎಲ್ಲರಿಗೂ ಮಂಗಳವಾಗಲಿ 🙏