ಟೊಳ್ಳು ಮರದ ಹಕ್ಕುದಾರರು

ನಮ್ಮ ಭಾಷೆಯಲ್ಲಿ ಟೊಳ್ಳು ಎಂಬ ಪದಕ್ಕೆ ಒಳ್ಳೆಯ ಹೆಸರಿಲ್ಲ. ಟೊಳ್ಳು ಮಾತು, ಟೊಳ್ಳು ಪ್ರತಿಷ್ಠೆ, ಟೊಳ್ಳು ಮನುಷ್ಯ - ಎಲ್ಲಿ ಬಳಸಿದರೂ ಅದು ನಿಂದೆಯೇ. ಮರದ ವಿಷಯದಲ್ಲೂ ಅಷ್ಟೆ. ಒಳಗೆ ಕೊಳೆತು ಟೊಳ್ಳಾದ ಮರವನ್ನು ಕಡಿದು ಅಲ್ಲೊಂದು ಹೊಸ ಸಸಿ ನೆಡುವುದೇ ವಿವೇಕ ಎಂದು ಯಾರಿಗಾದರೂ ಅನ್ನಿಸುತ್ತದೆ. ಸ್ವೀಡನ್, ಫಿನ್ಲೆಂಡ್‌ನಂತಹ ದೇಶಗಳು ಇಪ್ಪತ್ತನೇ ಶತಮಾನದ ಬಹುಪಾಲು ಇದೇ ವಿವೇಕದಿಂದ ತಮ್ಮ ಕಾಡುಗಳನ್ನು ಗುಡಿಸಿ ಒರೆಸಿ ಇಟ್ಟುಕೊಂಡವು. ಅದರ ಬೆಲೆ ತೆತ್ತವರಲ್ಲಿ ಮುಂಚೂಣಿಯಲ್ಲಿರುವುದು ಜೀರುಂಡೆಗಳು.

ಫಿನ್ಲೆಂಡಿನ ಕಾಡುಗಳಲ್ಲಿ ನಾಲ್ಕರಿಂದ ಐದು ಸಾವಿರ ಜಾತಿಯ ಜೀವಿಗಳು ಸತ್ತ ಮರವನ್ನೇ ನಂಬಿ ಬದುಕಿವೆ ಎಂಬುದು ವಿಜ್ಞಾನಿಗಳ ಅಂದಾಜು. ಅಲ್ಲಿನ ಕಾಡಿನ ಒಟ್ಟು ಜೀವಜಾತಿಗಳಲ್ಲಿ ಇದು ಐದನೇ ಒಂದು ಭಾಗಕ್ಕೂ ಮಿಗಿಲು. ಕೊಡಲಿ ತಾಗದ ಹಳೆಯ ಕಾಡಿನಲ್ಲಿ ಹೆಕ್ಟೇರಿಗೆ 60ರಿಂದ 120 ಘನ ಮೀಟರಿನಷ್ಟು ಸತ್ತ ಮರ ನಿಂತೋ ಬಿದ್ದೋ ಇರುತ್ತದೆ. ವ್ಯಾಪಾರಕ್ಕಾಗಿ ಬೆಳೆಸಿದ ಕಾಡಿನಲ್ಲಿ ಅದು ಹತ್ತನ್ನು ದಾಟುವುದು ಕಡಿಮೆ. ಸತ್ತ ಮರ ಎಂದು ನಾವು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತೇವೆ, ಜೀರುಂಡೆಗಳಿಗೆ ಅದೊಂದು ದೊಡ್ಡ ಊರು. ಆಸ್ಪೆನ್ ಮರದ ಸಡಿಲ ತೊಗಟೆಯ ಕೆಳಗೆ ಬದುಕುವ ಒಂದು ಕೆಂಪು ಜೀರುಂಡೆಯ ಮೈ ಕಾಗದದಂತೆ ಚಪ್ಪಟೆ. ಮೆಲನೋಫಿಲಾ ಎಂಬ ಕಪ್ಪು ಜೀರುಂಡೆಗೆ ಬೇಕಾದದ್ದು ಆಗಷ್ಟೇ ಬೆಂದ ಮರ. ಕಾಡ್ಗಿಚ್ಚಿನ ಶಾಖವನ್ನು ಗುರುತಿಸುವ ಅಂಗ ಅದರ ಮೈಯಲ್ಲೇ ಇದೆ. ಎಲ್ಲ ಜೀವಿಗಳೂ ಬೆಂಕಿಯಿಂದ ಓಡುವಾಗ ಇದು ಬೆಂಕಿಯತ್ತ ಹಾರಿ, ಸುಟ್ಟ ಕಾಂಡದಲ್ಲಿ ಮೊಟ್ಟೆಯಿಡುತ್ತದೆ. ಬೆಂಕಿ ಆರಿಸುವುದರಲ್ಲಿ ಮನುಷ್ಯ ನಿಪುಣನಾದಂತೆ ಇದರ ನೆಲೆ ಕಿರಿದಾಯಿತು. ಈಗ ಸ್ವೀಡನ್, ಫಿನ್ಲೆಂಡ್‌ಗಳಲ್ಲಿ ಇಂತಹ ಜೀವಿಗಳಿಗಾಗಿಯೇ ಕಾವಲಿಟ್ಟು ಕಾಡಿನ ಕೆಲವು ಭಾಗಗಳನ್ನು ಸುಡುತ್ತಾರೆ.

ಆದರೆ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಸನ್ಯಾಸಿ ಜೀರುಂಡೆ. ಅದರ ಲ್ಯಾಟಿನ್ ಹೆಸರಿನಲ್ಲೇ ಏಕಾಂತವಾಸಿ ಎಂಬ ಅರ್ಥವಿದೆ. ಮೂರು ಸೆಂಟಿಮೀಟರ್ ಆಸುಪಾಸಿನ, ಕಂದುಗಪ್ಪು ಬಣ್ಣದ ಹುಳು. ಓಕ್ ಮರಕ್ಕೆ ಇನ್ನೂರು ಮುನ್ನೂರು ವರ್ಷವಾದಾಗ ಶಿಲೀಂಧ್ರಗಳು ಅದರ ತಿರುಳನ್ನು ಕೊಳೆಸಿ ಪೊಟರೆ ಮಾಡುತ್ತವೆ. ಮರ ಅದರಿಂದ ಸಾಯುವುದಿಲ್ಲ. ಹೊರಗಿನ ಪದರಗಳು ನೀರು ಹರಿಸುತ್ತಲೇ ಇರುತ್ತವೆ, ಪ್ರತಿ ವಸಂತದಲ್ಲೂ ಎಲೆ ಚಿಗುರುತ್ತದೆ. ಒಳಗೆ ಮಾತ್ರ ಮರದ ಪುಡಿ, ಎಲೆ, ಹಕ್ಕಿಯ ಹಿಕ್ಕೆ, ಹುಳುಗಳ ಹಿಕ್ಕೆ ಎಲ್ಲ ಸೇರಿ ಕಪ್ಪು ಗೊಬ್ಬರದಂತಹ ರಾಶಿ ತುಂಬಿಕೊಳ್ಳುತ್ತದೆ. ಸನ್ಯಾಸಿಯ ಮರಿಹುಳು ಆ ರಾಶಿಯೊಳಗೆ ಮೂರು ವರ್ಷದ ಆಸುಪಾಸು ಬೆಳೆಯುತ್ತದೆ. ರೆಕ್ಕೆ ಬಂದ ಮೇಲೆ ಬದುಕುವುದು ಕೆಲವೇ ವಾರ. ಗಂಡು ಪೊಟರೆಯ ಬಾಯಲ್ಲಿ ಕುಳಿತು ಮಾಗಿದ ಪೀಚ್ ಹಣ್ಣಿನಂತಹ ಪರಿಮಳ ಸೂಸಿ ಹೆಣ್ಣನ್ನು ಕರೆಯುತ್ತದೆ. ಅದೇ ಪರಿಮಳದ ಜಾಡು ಹಿಡಿದು ಇನ್ನೊಂದು ಜಾತಿಯ ಜೀರುಂಡೆ ಬಂದು ಮೊಟ್ಟೆಯಿಡುತ್ತದೆ, ಅದರ ಮರಿಗಳು ಸನ್ಯಾಸಿಯ ಮರಿಗಳನ್ನು ತಿನ್ನುತ್ತವೆ. ಪ್ರೇಮಪತ್ರ ಸದಾ ತಪ್ಪು ವಿಳಾಸಕ್ಕೂ ಒಂದು ಪ್ರತಿ ತಲುಪುತ್ತದೆಯೆನ್ನಿ.

ಸ್ವೀಡನ್ನಿನಲ್ಲಿ ಈ ಜೀರುಂಡೆಗಳಿಗೆ ಗುರುತು ಹಾಕಿ ಬಿಟ್ಟು ನೋಡಿದಾಗ ನೂರಕ್ಕೆ 85ರಷ್ಟು ತಾವು ಹುಟ್ಟಿದ ಮರವನ್ನು ಬಿಟ್ಟು ಹೋಗುವುದೇ ಇಲ್ಲವೆಂದು ತಿಳಿಯಿತು. ಹೋದವೂ ದೂರ ಹೋಗುವುದಿಲ್ಲ, ಹೆಚ್ಚೆಂದರೆ ಕೆಲವು ನೂರು ಮೀಟರ್. ಒಂದು ಪೊಟರೆ ಹಲವು ದಶಕ ಉಳಿಯುವುದರಿಂದ ಊರು ಬಿಡುವ ಅಗತ್ಯ ಅದಕ್ಕೆ ಬೀಳಲಿಲ್ಲ. ಹಾಗಾಗಿ ಪಕ್ಕದ ಟೊಳ್ಳು ಮರ ಐದಾರು ಕಿಲೋಮೀಟರ್ ಆಚೆ ಇದ್ದರೆ ಅದು ಸನ್ಯಾಸಿಯ ಪಾಲಿಗೆ ಇಲ್ಲದಂತೆಯೇ.

ಇಷ್ಟು ಹಳೆಯ ಓಕ್‌ಗಳು ಉಳಿದದ್ದು ಹೇಗೆ, ಅಳಿದದ್ದು ಹೇಗೆ? ಇಲ್ಲಿ ಕಥೆ ನೀತಿಯ ಪ್ರಶ್ನೆಯಾಗುತ್ತದೆ. 1558ರಲ್ಲಿ ಸ್ವೀಡನ್ನಿನ ದೊರೆ ಗುಸ್ತಾವ್ ವಾಸಾ ರಾಜ್ಯದ ಓಕ್ ಮರಗಳೆಲ್ಲ ಅರಮನೆಯ ಸೊತ್ತು ಎಂದು ಸಾರಿದ. ಯುದ್ಧನೌಕೆಗಳಿಗೆ ಓಕ್ ಬೇಕಿತ್ತು. ರೈತನ ಹೊಲದಲ್ಲಿ ಬೆಳೆದ ಮರವೂ ರೈತನದ್ದಲ್ಲ. ಅದರ ನೆರಳಿನಲ್ಲಿ ಪೈರು ಸೊರಗಿದರೂ ಅವನು ಕೊಡಲಿ ಎತ್ತುವಂತಿರಲಿಲ್ಲ. ಸಹಜವಾಗಿಯೇ ರೈತರು ಓಕ್ ಮರವನ್ನು ದ್ವೇಷಿಸಿದರು, ಕಣ್ಣು ತಪ್ಪಿಸಿ ಸಸಿಗಳನ್ನು ಕಿತ್ತರು. 1830ರಲ್ಲಿ ರೈತರ ನೆಲದ ಮೇಲಿನ ಈ ನಿರ್ಬಂಧ ತೆರವಾಯಿತು. ಮುಂದಿನ ಕೆಲವೇ ದಶಕಗಳಲ್ಲಿ ಓಕ್‌ಗಳ ಬಹುಪಾಲು ನೆಲಕ್ಕುರುಳಿತು. ಇಂದು ಹಳೆಯ ಮರಗಳ ದೊಡ್ಡ ಗುಂಪುಗಳು ಕಾಣಸಿಗುವುದು ಓಸ್ಟರ್‌ಯೋಟ್‌ಲಾಂಡ್‌ನಂತಹ ಕಡೆ, ಅದೂ ಹೆಚ್ಚಾಗಿ ಹಳೆಯ ಜಮೀನ್ದಾರಿ ಎಸ್ಟೇಟುಗಳ ಸುತ್ತಮುತ್ತ.

ಅಂದರೆ ದೊರೆಯ ಅನ್ಯಾಯ ಜೀರುಂಡೆಯನ್ನು ಕಾಪಾಡಿತು, ರೈತನ ಬಿಡುಗಡೆ ಅದರ ಮನೆ ಕೆಡವಿತು. ಪರಿಸರದ ಬಗ್ಗೆ ಬರೆಯುವವರು ಈ ಸಂಗತಿಯನ್ನು ಸಾಮಾನ್ಯವಾಗಿ ಬೇಗನೆ ದಾಟಿ ಹೋಗುತ್ತಾರೆ. ನನಗಂತೂ ದಾಟಲಾಗುವುದಿಲ್ಲ. ಇನ್ನೂರೆಪ್ಪತ್ತು ವರ್ಷ ತನ್ನ ಹೊಲದಲ್ಲಿ ಸರಕಾರದ ಮರವನ್ನು ಸಾಕಿದ ರೈತ ಅದನ್ನು ಕಡಿದದ್ದು ತಪ್ಪೆಂದು ಹೇಳಲು ನನಗೆ ನಾಲಿಗೆ ಬರುವುದಿಲ್ಲ. ಹಾಗೆಂದು ಆ ಪೊಟರೆಗಳಲ್ಲಿ ಸತ್ತ ಜೀವಗಳು ಲೆಕ್ಕಕ್ಕಿಲ್ಲ ಎನ್ನಲೂ ಆಗುವುದಿಲ್ಲ.

ಲೆಕ್ಕಕ್ಕೆ ತೆಗೆದುಕೊಳ್ಳುವುದಾದರೂ ಯಾವ ಆಧಾರದ ಮೇಲೆ? ಉಪಯೋಗದ ವಾದ ಇಲ್ಲಿ ಬಹಳ ದೂರ ಸಾಗದು. ಕೊಳೆತ ಮರವನ್ನು ಮಣ್ಣಾಗಿಸುವ ಜೀವಿಗಳು ಒಟ್ಟಾಗಿ ಕಾಡಿಗೆ ಬೇಕು, ಸರಿ. ಆದರೆ ಈ ಒಂದು ಸನ್ಯಾಸಿ ನಾಳೆ ಇಲ್ಲವಾದರೆ ಸ್ವೀಡನ್ನಿನ ಯಾವ ಬೆಳೆಯೂ ಕೆಡುವುದಿಲ್ಲ. ನೋವಿನ ಆಧಾರವೂ ಅಷ್ಟಕ್ಕಷ್ಟೇ. ಪೀಟರ್ ಸಿಂಗರ್ 1975ರಲ್ಲಿ ಪ್ರಾಣಿಗಳ ಬಿಡುಗಡೆಯ ಬಗ್ಗೆ ಬರೆದ ಪುಸ್ತಕ ನೋವು ಅನುಭವಿಸಬಲ್ಲ ಪ್ರತಿ ಜೀವಿಯನ್ನೂ ನೀತಿಯ ಅಂಗಳಕ್ಕೆ ಕರೆತಂದಿತು. ಆದರೆ ಹುಳುವಿನ ನೋವು ಎಷ್ಟು ಎಂದು ಅಳೆಯುವವರಾರು? ಅಲ್ಲದೆ ಪೊಟರೆ ಇಲ್ಲವಾದಾಗ ಮುಂದಿನ ಪೀಳಿಗೆ ಹುಟ್ಟುವುದೇ ಇಲ್ಲ, ಹುಟ್ಟದವರಿಗೆ ನೋವೆಲ್ಲಿ? ನಾರ್ವೆಯ ತತ್ವಜ್ಞಾನಿ ಆರ್ನೆ ನೆಸ್ ಇನ್ನೂ ಮುಂದೆ ಹೋದರು. ಗಾಂಧೀಜಿಯ ವಿಚಾರಗಳನ್ನು ಆಳವಾಗಿ ಓದಿ ಅವರ ಮೇಲೆ ಪುಸ್ತಕ ಬರೆದವರು ಅವರು. ಬದುಕಿ ಅರಳುವ ಹಕ್ಕು ತಾತ್ವಿಕವಾಗಿ ಎಲ್ಲ ಜೀವಗಳಿಗೂ ಸಮಾನ ಎಂದು 1973ರ ಲೇಖನದಲ್ಲಿ ವಾದಿಸಿದರು. ತಾತ್ವಿಕವಾಗಿ ಎಂಬ ಪದವನ್ನು ಬೇಕೆಂದೇ ಸೇರಿಸಿದರು, ಏಕೆಂದರೆ ಬದುಕುವುದೆಂದರೆ ಒಂದಿಷ್ಟು ಕೊಲ್ಲುವುದೂ ಹೌದು. ಮಾತು ದೊಡ್ಡದು. ಆದರೆ ಆ ಸಮಾನತೆಯ ಖರ್ಚು ಯಾರ ಚೀಟಿಗೆ ಬೀಳುತ್ತದೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಖರ್ಚು ಸಣ್ಣದೇನಲ್ಲ. ಸ್ವೀಡನ್ನಿನ ಕಾಡಿನ ಸುಮಾರು ಅರ್ಧದಷ್ಟು ಖಾಸಗಿ ವ್ಯಕ್ತಿಗಳ ಒಡೆತನದಲ್ಲಿದೆ. 2005ರ ಜನವರಿಯಲ್ಲಿ ಗುಡ್ರುನ್ ಎಂಬ ಬಿರುಗಾಳಿ ದಕ್ಷಿಣ ಸ್ವೀಡನ್ನಿನಲ್ಲಿ ಸುಮಾರು ಏಳೂವರೆ ಕೋಟಿ ಘನ ಮೀಟರ್ ಮರವನ್ನು ಒಂದೇ ರಾತ್ರಿಯಲ್ಲಿ ಉರುಳಿಸಿತು. ಬಿದ್ದ ಸ್ಪ್ರೂಸ್ ಮರಗಳಲ್ಲಿ ತೊಗಟೆ ಜೀರುಂಡೆ ಹುಚ್ಚೆದ್ದು ಬೆಳೆದು ನಿಂತ ಮರಗಳಿಗೂ ನುಗ್ಗಿತು. ತೊಗಟೆಯ ಒಳಗೆ ಅದು ಕೊರೆಯುವ ಸಾಲುಗಳು ಅಚ್ಚಿನ ಅಕ್ಷರದಂತೆ ಕಾಣುವುದರಿಂದ ಅದಕ್ಕೆ ಮುದ್ರಕ ಎಂಬರ್ಥದ ಲ್ಯಾಟಿನ್ ಹೆಸರಿದೆ. 2018ರ ಬರಗಾಲದ ನಂತರ ಮತ್ತೆ ಅದೇ ಆಯಿತು. ಆದ್ದರಿಂದ ಹೊಸದಾಗಿ ಬಿದ್ದ ಸ್ಪ್ರೂಸ್ ಮರ ಹೆಕ್ಟೇರಿಗೆ 5 ಘನ ಮೀಟರ್ ಮೀರಿದರೆ ತೆಗೆಯಲೇಬೇಕೆಂದು ಅಲ್ಲಿನ ಕಾನೂನು ಹೇಳುತ್ತದೆ. ಮುದ್ರಕನಿಗೆ ಬೇಕಾದದ್ದು ಹಸಿ ತೊಗಟೆ; ಒಣಗಿದ ಹಳೆಯ ಕಾಂಡ ಅದಕ್ಕೆ ಬೇಡ, ಓಕ್ ಮರವಂತೂ ಬೇಡವೇ ಬೇಡ. ಆದರೆ ಮಗಳ ಓದಿಗೋ ಮನೆಯ ರಿಪೇರಿಗೋ ಕಾದಿಟ್ಟ ಮರಗಳು ಒಂದೇ ಬೇಸಿಗೆಯಲ್ಲಿ ಕೆಂಪಾಗಿ ಒಣಗುವುದನ್ನು ಕಂಡವನಿಗೆ, ಸತ್ತ ಮರ ಬಿಡು ಎಂಬ ಮಾತು ನಂಜಿನಂತೆ ಕೇಳಿಸಿದರೆ ಅಚ್ಚರಿಯೇನು?

ನನ್ನ ಮಟ್ಟಿಗೆ ಜೀರುಂಡೆಯ ಹಕ್ಕು ಹುಟ್ಟುವುದು ಅದರ ಉಪಯೋಗದಿಂದಲೂ ಅಲ್ಲ, ನಮ್ಮ ಕರುಣೆಯಿಂದಲೂ ಅಲ್ಲ. ಮುನ್ನೂರು ವರ್ಷ ಹಿಡಿಯುವ ಮನೆಯನ್ನು ಒಂದೇ ತಲೆಮಾರಿನಲ್ಲಿ ಕೆಡವಿ, ಅದರ ಮರದ ಲಾಭವನ್ನು ಒಂದು ಸಮಾಜ ಉಂಡಿದೆ. ಅಲ್ಲಿಗೆ ಅದೊಂದು ಸಾಲ. ಸಾಲ ಸಮಾಜದ್ದಾದರೆ ತೀರಿಸಬೇಕಾದದ್ದೂ ಸಮಾಜವೇ. ಹೊಲದಲ್ಲಿ ಟೊಳ್ಳು ಮರ ಇರುವ ಒಬ್ಬನ ಮೇಲೆ ಅದನ್ನು ಹೊರಿಸಿ ಕೈತೊಳೆದುಕೊಂಡರೆ ನಾವು ಗುಸ್ತಾವ್ ವಾಸಾನ ಕಾಲಕ್ಕೆ ಮರಳಿದಂತೆ. ಆಗಲೂ ಸಸಿಗಳನ್ನು ಕಣ್ಣು ತಪ್ಪಿಸಿ ಕೀಳುವವರು ಇದ್ದೇ ಇರುತ್ತಾರೆ. 1992ರಲ್ಲಿ ಯುರೋಪಿನ ನೆಲೆಗಳ ರಕ್ಷಣೆಯ ನಿರ್ದೇಶನ ಸನ್ಯಾಸಿ ಜೀರುಂಡೆಯನ್ನು ಆದ್ಯತೆಯ ಪಟ್ಟಿಗೆ ಸೇರಿಸಿತು. ಪಟ್ಟಿ ಒಳ್ಳೆಯದೇ, ಪಟ್ಟಿಯ ಜೊತೆ ಹಣವೂ ರೈತನ ಬಾಗಿಲಿಗೆ ಹೋಗಬೇಕು.

ಇನ್ನೂ ಒಂದು ತೊಡಕಿದೆ. ಮನುಷ್ಯ ಕೈ ತೆಗೆದರೆ ಸಾಕು, ಪ್ರಕೃತಿ ತಾನೇ ನೋಡಿಕೊಳ್ಳುತ್ತದೆ ಎಂಬುದು ಈ ಓಕ್‌ಗಳ ವಿಷಯದಲ್ಲಿ ನಿಜವಲ್ಲ. ಅವು ಬೆಳೆದದ್ದು ದನ ಮೇಯುವ, ಬಿಸಿಲು ಬೀಳುವ ಗೋಮಾಳಗಳಲ್ಲಿ. ಮೇಯಿಸುವುದು ನಿಂತ ಕಡೆ ಪೊದೆ, ಸ್ಪ್ರೂಸ್ ಎದ್ದು ಮುದಿ ಮರವನ್ನು ಮುಚ್ಚಿ ಸಾಯಿಸುತ್ತವೆ. ಪೊಟರೆ ತಣ್ಣಗಾಗಿ ಜೀರುಂಡೆಯೂ ಸೊರಗುತ್ತದೆ. ಮುದಿ ಮರಕ್ಕೆ ದನ ಬೇಕು, ದನಕ್ಕೆ ರೈತ ಬೇಕು.

ಜೊತೆಗೆ ಕಾಲದ ಅಂತರ. ಇಂದಿನ ಮುದಿ ಮರಗಳು ಬೀಳುವ ಹೊತ್ತಿಗೆ ಎಳೆಯ ಮರಗಳು ಟೊಳ್ಳಾಗಿರುವುದಿಲ್ಲ. ಈ ಕಂದಕ ದಾಟಿಸಲು ಲಿಂಕೋಪಿಂಗ್ ವಿಶ್ವವಿದ್ಯಾಲಯದವರು ಓಸ್ಟರ್‌ಯೋಟ್‌ಲಾಂಡ್‌ನ ಮರಗಳಿಗೆ ದೊಡ್ಡ ಮರದ ಪೆಟ್ಟಿಗೆಗಳನ್ನು ಕಟ್ಟಿದರು. ಓಕ್ ಪುಡಿ, ತರಗೆಲೆ, ಹುಲ್ಲು, ಕೆಲವು ಪೆಟ್ಟಿಗೆಗಳಲ್ಲಿ ಒಂದು ಸತ್ತ ಕೋಳಿ ಕೂಡ. 2009ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಪೊಟರೆವಾಸಿ ಜೀರುಂಡೆ ಜಾತಿಗಳಲ್ಲಿ ಹೆಚ್ಚಿನವು ಕೆಲವೇ ವರ್ಷಗಳಲ್ಲಿ ಆ ಪೆಟ್ಟಿಗೆಗಳಿಗೆ ಬಂದಿದ್ದವು. ಸ್ವೀಡನ್, ನಾರ್ವೆ, ಇಂಗ್ಲೆಂಡ್‌ಗಳಲ್ಲಿ ಇನ್ನೊಂದು ಪ್ರಯೋಗ ನಡೆದಿದೆ. ಆರೋಗ್ಯವಂತ ಎಳೆಯ ಓಕ್‌ಗಳಿಗೆ ಗರಗಸದಿಂದ ಮರಕುಟಿಗದ ತೂತಿನಂತಹ ಗಾಯ ಮಾಡುತ್ತಾರೆ, ಕುದುರೆ ಕಚ್ಚಿ ಕಿತ್ತಂತೆ ತೊಗಟೆ ಸುಲಿಯುತ್ತಾರೆ, ಬೇಗ ಕೊಳೆಯಲಿ ಎಂದು. ಆ ಮರಗಳನ್ನು ಇನ್ನೂ ಹಲವು ವರ್ಷ ನೋಡುತ್ತಲೇ ಇರಬೇಕು. ಗರಗಸ ಹಿಡಿದವರಲ್ಲಿ ಕೆಲವರಾದರೂ ಅಷ್ಟರಲ್ಲಿ ನಿವೃತ್ತರಾಗಿರುತ್ತಾರೆ.